ನಿಮ್ಮ ಚೆಕ್ ಈಗ ಯಾರ ಕೈಯಲ್ಲಿದೆ?

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಖಾಲಿ ಚೆಕ್ಕಿಗೋ ಪ್ರೋನೋಟಿಗೋ ಸಹಿ ಹಾಕಿ ಕೊಟ್ಟು ಕೂತಿರುವ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

ನಿಮ್ಮಲ್ಲಿ ಕೆಲವರು ಲಾರಿ ಕೊಳ್ಳುವಾಗ ಫೈನಾನ್ಸಿನವರಿಗೆ ಚೆಕ್ ಕೊಟ್ಟಿದ್ದೀರಿ. ಕೆಲವರು ಸೋಯಾ ಬೀಜ, ಗೊಬ್ಬರ ಉದ್ರಿ ತಂದಾಗ ಅಂಗಡಿಯವರಿಗೆ ಕೊಟ್ಟಿದ್ದೀರಿ. ತೊಗರಿ ರಾಶಿಗೆ ಮುಂಚೆ ಅಡತಿಯಲ್ಲಿ ಮುಂಗಡ ಎತ್ತಿದವರಿದ್ದೀರಿ, ಮಗಳ ಮದುವೆಗೆ ಕೈಗಡ ತಂದವರಿದ್ದೀರಿ. ಭಾವಮೈದುನನ ಸಾಲಕ್ಕೆ ಜಾಮೀನು ನಿಂತು, ಒಂದು ರೂಪಾಯಿಯನ್ನೂ ಮುಟ್ಟದೆ ಎರಡು ಚೆಕ್ ಹರಿದು ಕೊಟ್ಟವರೂ ಇದ್ದೀರಿ. ಆವತ್ತು ಎಲ್ಲರಿಗೂ ಒಂದೇ ಮಾತು ಹೇಳಿದ್ದರು: 'ಸುಮ್ನ ಇರ್ಲಿ ಅಂತ ತಗೋತೀವ್ರಿ, ಬ್ಯಾಂಕಿಗಿ ಹಾಕೂದಿಲ್ಲ.' ಹೆಸರಿನ ಜಾಗ ಖಾಲಿ, ಮೊತ್ತದ ಜಾಗ ಖಾಲಿ, ತಾರೀಖೂ ಖಾಲಿ. ಸಹಿ ಮಾತ್ರ ನಿಮ್ಮದು.

ಒಂದು ದಿನ ಅಂಚೆಯಲ್ಲಿ ವಕೀಲರ ನೋಟಿಸ್ ಬರುತ್ತದೆ. ಹಿಂದೆಯೇ ಕೋರ್ಟಿನ ಸಮನ್ಸ್. ಆಗ ನೀವು ನಮ್ಮಲ್ಲಿಗೆ ಓಡಿ ಬರುತ್ತೀರಿ. ನಾನು ಹುಮನಾಬಾದಿನಲ್ಲಿ ವಕೀಲಿಕೆ ಮಾಡುವವನು, ಬಸವಕಲ್ಯಾಣದ ಕೋರ್ಟಿಗೂ ಹೋಗಿ ಬರುತ್ತೇನೆ. ಹೆಸರು ಹಾಕಿಲ್ಲ, ಯಾಕೆಂದರೆ ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಮಾಡಿಕೊಳ್ಳುವಂತಿಲ್ಲ, ಇದು ಹಾಗೆ ಕಾಣುವುದೂ ಬೇಡ. ನೀವು ಬಂದು ಕೂತೊಡನೆ ಹೇಳುವ ಮೊದಲ ಮಾತು ಬಹುತೇಕ ಒಂದೇ: 'ವಕೀಲ್ ಸಾಬ್ರೇ, ಅಕ್ಷರ ನಂದಲ್ಲ. ಸಹಿ ಅಷ್ಟೇ ನಂದು.'

ಬೇಸರ ಮಾಡಿಕೊಳ್ಳಬೇಡಿ, ಆ ಮಾತಿನಿಂದ ಕೇಸು ಗೆಲ್ಲುವುದಿಲ್ಲ. ಸಹಿ ಹಾಕಿದ ಖಾಲಿ ಚೆಕ್ಕನ್ನು ಮನಸಾರೆ ಕೊಟ್ಟಿದ್ದರೆ, ಅದನ್ನು ಯಾವುದೋ ಬಾಕಿಗಾಗಿಯೇ ಕೊಟ್ಟದ್ದು ಎಂದು ಕಾನೂನು ಮೊದಲಿಗೆ ನಂಬುತ್ತದೆ. ಅದು ಸುಳ್ಳೆಂದು ತೋರಿಸುವ ಹೊಣೆ ಕೊಟ್ಟವನದು. ಸುಪ್ರೀಂ ಕೋರ್ಟು ಇದನ್ನು 2019ರ ಫೆಬ್ರುವರಿಯಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಒಳಗಿನ ಬರಹವನ್ನು ಬೇರೆಯವರು ತುಂಬಿದ್ದಾರೆ ಎಂಬುದೊಂದೇ ನಿಮ್ಮನ್ನು ಪಾರು ಮಾಡದು ಎಂದು 2022ರಲ್ಲಿ ಮತ್ತೆ ಹೇಳಿತು. ಅಕ್ಷರ ತಜ್ಞರಿಗೆ ಕಳಿಸಿ ಎಂದು ಅರ್ಜಿ ಹಾಕಿ ವರ್ಷ ದೂಡುವವರನ್ನು ಕಂಡಿದ್ದೇನೆ. ವರದಿ ಬರುತ್ತದೆ, ಅಕ್ಷರ ಬೇರೆಯವರದೇ ಎಂದೂ ಬರುತ್ತದೆ, ಆಮೇಲೂ ಶಿಕ್ಷೆ ಆಗುತ್ತದೆ.

'ಸೆಕ್ಯುರಿಟಿಗೆ ಕೊಟ್ಟದ್ದು' ಎಂಬ ಎರಡನೆಯ ಮಾತೂ ಅಷ್ಟಕ್ಕಷ್ಟೇ. ಭದ್ರತೆಗೆಂದು ಕೊಟ್ಟ ಚೆಕ್ಕಾದರೂ ಅದನ್ನು ಬ್ಯಾಂಕಿಗೆ ಹಾಕಿದ ದಿನ ಸಾಲ ಬಾಕಿ ಇತ್ತೆಂದರೆ ಕೇಸು ನಿಲ್ಲುತ್ತದೆ. ಜಾಮೀನುದಾರನ ಚೆಕ್ಕಿಗೂ ಇದೇ ನಿಯಮ ಎಂದು 2002ರಲ್ಲೇ ತೀರ್ಮಾನವಾಗಿದೆ. ಸಾಲ ಎತ್ತಿದವನು ಭಾವಮೈದುನ, ನೀವು ಬರೀ ಚೆಕ್ ಕೊಟ್ಟವರು ಎಂದರೆ ಕೋರ್ಟು ಮರುಕಪಡಬಹುದು, ಬಿಡುಗಡೆ ಮಾಡುವುದಿಲ್ಲ.

'ಚೆಕ್ ಕಳೆದಿತ್ತು' ಎಂಬುದು ಮೂರನೆಯದು. ಇದರ ಗತಿ ಏನಾಯಿತು ಎಂದು ತಿಳಿಯಲು ದೂರ ಹೋಗಬೇಕಿಲ್ಲ, ದೇಶವೆಲ್ಲ ಉಲ್ಲೇಖಿಸುವ ರಂಗಪ್ಪ ಪ್ರಕರಣ ಕರ್ನಾಟಕದ್ದೇ. ಮೊತ್ತ ಬರೀ 45,000 ರೂಪಾಯಿ. ಚೆಕ್ ಕಳೆದುಹೋಗಿತ್ತು, ಮನೆ ಕಟ್ಟುವ ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಕೈಗೆ ಅದು ಸಿಕ್ಕಿ ದುರುಪಯೋಗವಾಯಿತು ಎಂದು ಆರೋಪಿ ವಾದಿಸಿದರು. ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಸೂಚನೆಯನ್ನೂ ಕೊಟ್ಟಿದ್ದರು. ಕೆಳಗಿನ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 2010ರ ಮೇ 7ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿದರು. ಆರೋಪಿಗೆ ಹೊಡೆತ ಕೊಟ್ಟ ಸಂಗತಿಗಳಲ್ಲಿ ಒಂದು ಏನು ಗೊತ್ತೇ? ನೋಟಿಸಿಗೆ ಅವರು ಉತ್ತರವನ್ನೇ ಕೊಟ್ಟಿರಲಿಲ್ಲ. ಉತ್ತರ ಕೊಡದೆ ಇದ್ದುದರಿಂದಲೇ ದೂರುದಾರನ ಮಾತಿನಲ್ಲಿ ಹುರುಳಿದೆ ಎಂಬುದು ಕೋರ್ಟಿನ ಎಣಿಕೆ. ಚೆಕ್ಕಿನ ಸಹಿ ಒಪ್ಪಿಕೊಂಡ ಮೇಲೆ ಕಾಯ್ದೆಬದ್ಧ ಸಾಲ ಇದೆ ಎಂಬ ಊಹೆ ದೂರುದಾರನ ಪರವಾಗಿ ಹುಟ್ಟುತ್ತದೆ ಎಂಬುದು ಆ ತೀರ್ಪಿನಿಂದ ಗಟ್ಟಿಯಾಯಿತು.

ಹಾಗಾದರೆ ಸಹಿ ಹಾಕಿದವನ ಕಥೆ ಮುಗಿಯಿತೇ? ಇಲ್ಲ. ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಈ ಪತ್ರ ಬರೆಯುತ್ತಿರುವುದೂ ಅದಕ್ಕಾಗಿಯೇ. ಚೆಕ್ ತುಂಬಿದವರು ಯಾರು ಎಂದು ಕೇಳುವುದನ್ನು ಬಿಡಿ. ಇದನ್ನು ಹಿಡಿದು ಬಂದವನು ಯಾರು, ವಸೂಲಿ ಮಾಡುವ ಹಕ್ಕು ಇವನಿಗೆ ಎಲ್ಲಿಂದ ಬಂತು, ಯಾವ ಸಾಲಕ್ಕೆ ಎಂದು ಕೇಳಿ.

ಚೆಕ್ಕು, ಪ್ರೋನೋಟು ಎರಡೂ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕೆಳಗೆ ಬರುತ್ತವೆ. ನಾವು ಎನ್‌ಐ ಆಕ್ಟ್ ಎನ್ನುತ್ತೇವೆ. ಅದರ 8ನೇ ಕಲಮು ಹೋಲ್ಡರ್ ಎಂದರೆ ಯಾರು ಎಂದು ಹೇಳುತ್ತದೆ: ತನ್ನ ಸ್ವಂತ ಹೆಸರಿನಲ್ಲಿ ಆ ಕಾಗದವನ್ನು ಇಟ್ಟುಕೊಳ್ಳುವ ಹಕ್ಕೂ, ಅದರ ಹಣ ಪಡೆಯುವ ಅಥವಾ ವಸೂಲಿ ಮಾಡುವ ಹಕ್ಕೂ ಎರಡೂ ಇರುವವನು. ಕಾಗದ ಕೈಯಲ್ಲಿದ್ದರೆ ಸಾಲದು, ಹಕ್ಕು ಬೇಕು. ಕದ್ದವನು ಹೋಲ್ಡರ್ ಅಲ್ಲ, ದಾರಿಯಲ್ಲಿ ಬಿದ್ದದ್ದನ್ನು ಎತ್ತಿಕೊಂಡವನೂ ಅಲ್ಲ. ಕಾಗದ ಕಳೆದುಹೋದರೆ, ಸುಟ್ಟುಹೋದರೆ, ಕಳೆದ ಹೊತ್ತಿಗೆ ಯಾರಿಗೆ ಹಕ್ಕಿತ್ತೋ ಅವರೇ ಹೋಲ್ಡರ್ ಆಗಿ ಉಳಿಯುತ್ತಾರೆ ಎಂದು ಅದೇ ಕಲಮು ಹೇಳುತ್ತದೆ. ಹಣ ಕೊಟ್ಟ ಸಾವಕಾರ ಒಬ್ಬ, ಪ್ರೋನೋಟಿನಲ್ಲಿರುವ ಹೆಸರು ಅವನ ಗುಮಾಸ್ತನದು ಅಥವಾ ಅಳಿಯನದು ಎಂದಿಟ್ಟುಕೊಳ್ಳಿ. ತೆರಿಗೆಯ ಕಣ್ಣು ತಪ್ಪಿಸಲು ಇಂಥ ಬೇನಾಮಿ ಬರಹ ನಮ್ಮಲ್ಲಿ ಹೊಸತಲ್ಲ. ಆ ಪ್ರೋನೋಟಿನ ಮೇಲೆ ದಾವೆ ಹೂಡಲು ಕಾಗದದಲ್ಲಿ ಹೆಸರಿಲ್ಲದ ಸಾವಕಾರನಿಗೆ ಬರುವುದಿಲ್ಲ, ಹಣ ಅವನದೇ ಆಗಿದ್ದರೂ.

ಪ್ರೋನೋಟು ಯಾರದೋ ಹೆಸರಿಗೆ ಇರಲೇಬೇಕು. 'ಇದನ್ನು ತಂದವರಿಗೆ ಕೊಡುತ್ತೇನೆ' ಎಂಬ ಪ್ರೋನೋಟನ್ನು ಖಾಸಗಿಯವರು ಬರೆಯುವಂತೆಯೇ ಇಲ್ಲ. ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಮು ಆ ಅಧಿಕಾರವನ್ನು ರಿಸರ್ವ್ ಬ್ಯಾಂಕಿಗೂ ಕೇಂದ್ರ ಸರ್ಕಾರಕ್ಕೂ ಮಾತ್ರ ಬಿಟ್ಟಿದೆ. ಚೆಕ್ಕಿನ ಮಾತು ಬೇರೆ. ನಿಮ್ಮ ಚೆಕ್‌ಬುಕ್ ತೆಗೆದು ನೋಡಿ, ಹೆಸರಿನ ಗೆರೆಯ ಕೊನೆಗೆ 'ಅಥವಾ ತಂದವರಿಗೆ' ಎಂಬ ಅರ್ಥದ ಅಚ್ಚು ಇರುತ್ತದೆ. ಅದನ್ನು ಹೊಡೆದುಹಾಕದಿದ್ದರೆ ಆ ಚೆಕ್ ಕೈಯಿಂದ ಕೈಗೆ ಕೊಟ್ಟರೇ ದಾಟುತ್ತದೆ, ಹಿಂಬರಹವೂ ಬೇಡ. ಹೊಡೆದುಹಾಕಿ, ಮೂಲೆಯಲ್ಲಿ ಎರಡು ಗೆರೆ ಎಳೆದು ಅಕೌಂಟ್ ಪೇಯಿ ಎಂದು ಬರೆದು, ಹೆಸರನ್ನೂ ನೀವೇ ತುಂಬಿದರೆ, ಬ್ಯಾಂಕು ಆ ಹೆಸರಿನ ಖಾತೆಗೆ ಬಿಟ್ಟು ಬೇರೆಯವರ ಖಾತೆಗೆ ಅದನ್ನು ಹಾಕುವಂತಿಲ್ಲ. ಇದೆಲ್ಲ ಮೊದಲ ದಿನದ ಅರ್ಧ ನಿಮಿಷದ ಕೆಲಸ. ಅದನ್ನು ಮಾಡದೆ ಬಿಟ್ಟರೆ ಮುಂದೆ ವರ್ಷಗಟ್ಟಲೆ ಕೋರ್ಟಿಗೆ ಅಲೆದಾಟ.

ಈಗ ನಮ್ಮ ಕಡೆ ಪದೇಪದೇ ಆಗುವ ಒಂದು ಸಂಗತಿ ನೋಡೋಣ. ನೀವು ಖಾಲಿ ಚೆಕ್ ಕೊಟ್ಟದ್ದು ಒಬ್ಬರಿಗೆ. ಅವರ ಸಾಲ ತೀರಿಸಿದಿರಿ, ಅಥವಾ ಜಗಳ ಬಿತ್ತು. ಆ ಚೆಕ್ ಇನ್ನೊಬ್ಬರ ಕೈಗೆ ಹೋಗಿ, ಅವರ ಹೆಸರು, ಐದು ಲಕ್ಷ, ಹೊಸ ತಾರೀಖು ಎಲ್ಲ ತುಂಬಿಕೊಂಡು ಬರುತ್ತದೆ. ನೋಟಿಸಿನಲ್ಲಿರುವ ಹೆಸರನ್ನು ನೀವು ಕೇಳಿಯೂ ಇಲ್ಲ. ಕಾಯ್ದೆ ಇಲ್ಲಿ ಹೋಲ್ಡರ್ ಇನ್ ಡ್ಯೂ ಕೋರ್ಸ್ ಎಂಬ ಇನ್ನೊಬ್ಬನನ್ನು ತರುತ್ತದೆ. ಅವನು ಹಣವನ್ನೋ ಮಾಲನ್ನೋ ಕೊಟ್ಟು ಆ ಕಾಗದ ಪಡೆದಿರಬೇಕು, ಕಾಗದದ ಹಣ ಕೊಡಬೇಕಾದ ದಿನಕ್ಕೆ ಮೊದಲೇ ಪಡೆದಿರಬೇಕು, ಕೊಟ್ಟವನ ಹಕ್ಕಿನಲ್ಲಿ ದೋಷವಿದೆ ಎಂದು ಅನುಮಾನಿಸಲು ಅವನಿಗೆ ಸಾಕಷ್ಟು ಕಾರಣ ಇದ್ದಿರಬಾರದು. ಇಷ್ಟೂ ಕೂಡಿದರೆ ನಡುವಿನವನ ಮೋಸ ಅವನಿಗೆ ಅಂಟುವುದಿಲ್ಲ, ನೀವು ಹಣ ಕೊಡಲೇಬೇಕು. ಕೂಡದಿದ್ದರೆ 58ನೇ ಕಲಮು ನಿಮ್ಮ ಕಡೆಗಿದೆ. ಕಳೆದುಹೋದ, ಅಪರಾಧದಿಂದ ಅಥವಾ ಮೋಸದಿಂದ ಪಡೆದ ಕಾಗದದ ಮೇಲೆ ಅದನ್ನು ಹಿಡಿದವನಿಗೆ ಹಣ ಕೇಳುವ ಹಕ್ಕಿಲ್ಲ. ಅಪರಾಧ ಅಥವಾ ಮೋಸ ನಡೆದದ್ದು ರುಜುವಾತಾದರೆ, ತಾನು ಪ್ರಾಮಾಣಿಕವಾಗಿ ಹಣ ಕೊಟ್ಟು ಪಡೆದೆ ಎಂದು ತೋರಿಸುವ ಹೊಣೆ ಅವನ ಹೆಗಲಿಗೇ ಬೀಳುತ್ತದೆ. ನನ್ನ ಅನಿಸಿಕೆ ಹೇಳುವುದಾದರೆ, ಖಾಲಿ ಜಾಗ ಕಣ್ಣಾರೆ ಕಂಡು, ತಾನೇ ಪೆನ್ನು ಹಿಡಿದು ತನ್ನ ಹೆಸರು ತುಂಬಿಕೊಂಡವನು 'ನನಗೆ ಅನುಮಾನ ಬರುವ ಕಾರಣವೇ ಇರಲಿಲ್ಲ' ಎನ್ನುವುದನ್ನು ಅಡ್ಡ ಸವಾಲಿನಲ್ಲಿ ಉಳಿಸಿಕೊಳ್ಳುವುದು ಸುಲಭವಲ್ಲ. ಆದರೆ ಆ ಸವಾಲನ್ನು ನಿಮ್ಮ ವಕೀಲರು ಕೇಳಬೇಕಾದರೆ ಚೆಕ್ ಮೊದಲು ಯಾರಿಗೆ, ಯಾವಾಗ, ಯಾಕೆ ಕೊಟ್ಟಿರಿ ಎಂಬುದು ನಿಮ್ಮಿಂದಲೇ ಬರಬೇಕು.

ಚೆಕ್ ಬೌನ್ಸಿನ ಕ್ರಿಮಿನಲ್ ಕೇಸಿಗೆ ಬಾಗಿಲು ಇನ್ನೂ ಕಿರಿದು. ಬೌನ್ಸನ್ನು ಅಪರಾಧವಾಗಿಸುವ 138ನೇ ಕಲಮು ಮೂಲ ಕಾಯ್ದೆಯಲ್ಲಿ ಇರಲಿಲ್ಲ. 1988ರ ತಿದ್ದುಪಡಿಯಿಂದ ಬಂದು 1989ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ಕೇಸನ್ನು ಚೆಕ್ಕಿನಲ್ಲಿ ಹೆಸರಿರುವವನು ಅಥವಾ ಹೋಲ್ಡರ್ ಇನ್ ಡ್ಯೂ ಕೋರ್ಸ್ ಮಾತ್ರ, ಬರವಣಿಗೆಯಲ್ಲಿ ದೂರು ಕೊಟ್ಟು ಹೂಡಬಹುದು ಎಂದು 142ನೇ ಕಲಮು ಹೇಳುತ್ತದೆ. ಪೊಲೀಸರಿಗೂ ಇಲ್ಲಿ ಕೆಲಸವಿಲ್ಲ. 'ಸ್ಟೇಷನ್ನಿಗೆ ಬಾ' ಎಂದು ಚೆಕ್ ತೋರಿಸಿ ಹೆದರಿಸುವವರ ಮಾತಿಗೆ ಸೊಪ್ಪು ಹಾಕಬೇಡಿ. ಚೆಕ್ 'ಇಂಥ ಟ್ರೇಡಿಂಗ್ ಕಂಪನಿ' ಎಂಬ ಅಂಗಡಿ ಹೆಸರಿಗೆ ಇದ್ದು, ದೂರು ಕೊಟ್ಟವರು ಒಬ್ಬ ವ್ಯಕ್ತಿ ಆಗಿದ್ದರೆ, ಅಂಗಡಿ ಅವರದೇ ಎಂಬುದಕ್ಕೆ ಕಾಗದ ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ. ಲೈಸೆನ್ಸು, ಬ್ಯಾಂಕ್ ಖಾತೆ, ತೆರಿಗೆ ನೋಂದಣಿ, ಏನಾದರೂ ಒಂದು. 2011ರಲ್ಲಿ ಹೀಗೆ ತಾನೇ ಮಾಲೀಕ ಎಂದು ಬಾಯಲ್ಲಿ ಹೇಳಿ ಕಾಗದ ತೋರಿಸದವರ ದೂರನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮುಖ್ತಿಯಾರ ಪತ್ರ ಹಿಡಿದು ಬಂದವನು ದೂರು ಕೊಡಬಹುದು, ಆದರೆ ಅದು ಚೆಕ್ಕಿನ ಹಕ್ಕುದಾರನ ಹೆಸರಿನಲ್ಲೇ ಇರಬೇಕು. ವ್ಯವಹಾರ ತನಗೆ ಸ್ವತಃ ಗೊತ್ತಿದ್ದರೆ ಮಾತ್ರ ಅವನು ಸಾಕ್ಷಿ ನುಡಿಯಬಹುದು.

ಈ 'ಯಾರಿಗೆ ಕೊಡಬೇಕು' ಎಂಬ ಪ್ರಶ್ನೆ ಇಂಗ್ಲಿಷರ ಕಾಯ್ದೆ ಬರುವ ಮುಂಚೆಯೂ ಪೇಟೆಯಲ್ಲಿತ್ತು. ಹಣ ಕೊಡುವಂತೆ ವ್ಯಾಪಾರಿಗಳು ಬರೆಯುತ್ತಿದ್ದ ಹುಂಡಿಗಳಲ್ಲಿ ಶಾಹ್‌ಜೋಗ್ ಎಂಬ ಬಗೆಯಿತ್ತು. ಶಾಹ್‌ಜೋಗ್ ಹುಂಡಿಯ ಹಣವನ್ನು ಪೇಟೆಯಲ್ಲಿ ಮರ್ಯಾದೆಯುಳ್ಳ ಶಾಹ್ ಒಬ್ಬನಿಗೇ ಕೊಡಬೇಕು, ಸಿಕ್ಕಸಿಕ್ಕವರಿಗಲ್ಲ. ಹುಂಡಿ ಕಳ್ಳತನವಾದರೂ ಕಳ್ಳ ಯಾವುದೋ ಶಾಹನ ಬಾಗಿಲಿಗೆ ಹೋಗಲೇಬೇಕಾಗುತ್ತಿತ್ತು, ಅಲ್ಲಿ ಸಿಕ್ಕಿಬೀಳುತ್ತಿದ್ದ. 1881ರ ಕಾಯ್ದೆಯೂ ತನ್ನ ಮೊದಲ ಕಲಮಿನಲ್ಲೇ ದೇಶಭಾಷೆಯಲ್ಲಿ ಬರೆದ ಇಂಥ ಕಾಗದಗಳ ಸ್ಥಳೀಯ ರೂಢಿಗೆ ಕೈಹಾಕದೆ ಬಿಟ್ಟಿತು.

ಹಿಡಿದು ಬಂದವನು ಹಕ್ಕುದಾರನೇ ಎಂದಾಯಿತು ಎನ್ನಿ. ಯಾವ ಸಾಲಕ್ಕೆ ಎಂಬುದು ಉಳಿಯಿತು. ಇಲ್ಲಿ ಬಸಲಿಂಗಪ್ಪ ಪ್ರಕರಣ ನೆನಪಿಡಿ. ಅದೂ ಕರ್ನಾಟಕದ್ದೇ, 2019ರ ಏಪ್ರಿಲ್ 9ರ ತೀರ್ಪು. ಆರು ಲಕ್ಷ ರೂಪಾಯಿ ಕೈಗಡ ಕೊಟ್ಟೆ ಎಂಬುದು ದೂರುದಾರರ ಮಾತು. ಅಷ್ಟು ಹಣ ಕೊಡುವ ಶಕ್ತಿ ಅವರಿಗೆ ಇತ್ತೇ ಎಂದು ಅಡ್ಡ ಸವಾಲಿನಲ್ಲಿ ಕೇಳಲಾಯಿತು, ತೃಪ್ತಿಯಾಗುವ ಉತ್ತರ ಬರಲಿಲ್ಲ. ಹೈಕೋರ್ಟು ಶಿಕ್ಷೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟು ರದ್ದು ಮಾಡಿ, ಕೆಳಗಿನ ಕೋರ್ಟಿನ ಬಿಡುಗಡೆಯನ್ನೇ ಮರಳಿ ಸ್ಥಾಪಿಸಿತು. ಕೊಲೆ ಕೇಸಿನಲ್ಲಿ ಪ್ರಾಸಿಕ್ಯೂಷನ್ ಸಾಬೀತು ಮಾಡುವಷ್ಟು ಗಟ್ಟಿಯಾಗಿ ಆರೋಪಿ ಇಲ್ಲಿ ಸಾಬೀತು ಮಾಡಬೇಕಿಲ್ಲ. ತನ್ನ ಮಾತು ಸಂಭವನೀಯ ಎನಿಸಿದರೆ ಸಾಕು, ಅದಕ್ಕೆ ಎದುರಾಳಿಯ ದಾಖಲೆಗಳನ್ನೇ ಬಳಸಿಕೊಳ್ಳಬಹುದು, ತಾನು ಸಾಕ್ಷಿ ಕಟಕಟೆ ಹತ್ತಲೇಬೇಕೆಂದೂ ಇಲ್ಲ. ಒಂದು ಎಚ್ಚರಿಕೆ. 'ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ನಗದಾಗಿ ಸಾಲ ಕೊಟ್ಟಿದ್ದಾನೆ, ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ, ಅದಕ್ಕೇ ಸಾಲ ಚಲ್ತಿ ಇಲ್ಲ' ಎಂಬ ವಾದ ಕೆಲವು ದಿನ ಓಡಾಡಿತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತೆರೆ ಎಳೆಯಿತು. ತೆರಿಗೆಯವರು ದಂಡ ಹಾಕಬಹುದು, ಸಾಲ ಸಾಲವೇ.

ನಿಮ್ಮಲ್ಲಿ ಹೆಚ್ಚಿನವರು ಸಾಲ ಮುಳುಗಿಸುವವರಲ್ಲ. ಕಂತುಕಂತಾಗಿ ಕಟ್ಟಿರುತ್ತೀರಿ. ರಾಶಿ ಮುಗಿದ ಮೇಲೆ ಇಪ್ಪತ್ತು ಸಾವಿರ, ಕಬ್ಬಿನ ಬಿಲ್ ಬಂದ ಮೇಲೆ ಮೂವತ್ತು ಸಾವಿರ, ಕೈಯಿಂದ ಕೈಗೆ. ನಿಮ್ಮ ತೊಂದರೆ ಇರುವುದೆಲ್ಲ ಇಲ್ಲೇ. ಕಟ್ಟಿದ್ದಕ್ಕೆ ಗುರುತಿಲ್ಲ. ಬಸವಕಲ್ಯಾಣದವರಿಗೆ ಇದನ್ನು ಹೇಳುವಾಗ ನನಗೆ ಒಂದು ಬಗೆಯ ಸಂಕಟ. ಯಾಕೆಂದರೆ ಈ ವಿಷಯದಲ್ಲಿ ಪಾಠ ನಿಮ್ಮ ಊರಿನಿಂದಲೇ ಹೊರಟಿದ್ದು.

ನಿಮ್ಮ ಊರು ಕಲ್ಯಾಣ ಎಂಬ ಹೆಸರಿನಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಮಿತಾಕ್ಷರಾ ಎಂದರೆ ಎಲ್ಲರಿಗೂ ನೆನಪಾಗುವುದು ಆಸ್ತಿ ಪಾಲು, ಅವಿಭಕ್ತ ಕುಟುಂಬ. ನಮ್ಮ ಕೋರ್ಟುಗಳಲ್ಲಿ ಪಾಲು ದಾವೆ ಬಂದಾಗಲೆಲ್ಲ ಅದರ ಹೆಸರು ಈಗಲೂ ಬರುತ್ತದೆ. ಅದೇ ಗ್ರಂಥದ ವ್ಯವಹಾರ ಭಾಗದಲ್ಲಿ ಸಾಲ ಮತ್ತು ಸಾಲಪತ್ರದ ವಿಚಾರವೂ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ಯಾಜ್ಞವಲ್ಕ್ಯ ಅಲ್ಲಿ ಹೇಳುವುದು ಇಷ್ಟು. ಸಾಲಗಾರ ತೀರಿಸುತ್ತಾ ಹೋದಂತೆಲ್ಲ ಕೊಟ್ಟಷ್ಟನ್ನು ಪತ್ರದ ಬೆನ್ನಿಗೆ ಬರೆಯಬೇಕು, ಇಲ್ಲವೇ ಸಾಲ ಕೊಟ್ಟವನು ತನ್ನ ಕೈಬರಹದ ಗುರುತಿರುವ ರಸೀದಿ ಕೊಡಬೇಕು. ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿಯಬೇಕು, ಅಥವಾ ತೀರಿತು ಎಂಬುದಕ್ಕೆ ಬೇರೆ ಪತ್ರ ಮಾಡಿಸಬೇಕು. ಸಾಕ್ಷಿಗಳ ಮುಂದೆ ತಂದ ಸಾಲವನ್ನು ಸಾಕ್ಷಿಗಳ ಮುಂದೆಯೇ ತೀರಿಸಬೇಕು. ತನ್ನ ಕೈಯಿಂದ ಬರೆದ ಪತ್ರಕ್ಕೆ ಸಾಕ್ಷಿ ಇಲ್ಲದಿದ್ದರೂ ನಡೆಯುತ್ತದೆ, ಬಲಾತ್ಕಾರದಿಂದಲೋ ಮೋಸದಿಂದಲೋ ಬರೆಸಿದ್ದು ಮಾತ್ರ ಪ್ರಮಾಣವಲ್ಲ.

ಇದನ್ನು ಎನ್‌ಐ ಆಕ್ಟಿನ ಪಕ್ಕ ಇಟ್ಟು ಓದಿದರೆ ಆಶ್ಚರ್ಯವಾಗುತ್ತದೆ. 56ನೇ ಕಲಮು ಭಾಗಶಃ ಪಾವತಿಯನ್ನು ಕಾಗದದ ಮೇಲೆಯೇ ಬರೆದು, ಉಳಿದ ಬಾಕಿಗೆ ಮಾತ್ರ ಅದನ್ನು ದಾಟಿಸಬಹುದು ಎನ್ನುತ್ತದೆ. ಇದನ್ನೇ ಹಿಡಿದು 2022ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಚೆಕ್ ಕೊಟ್ಟ ಮೇಲೆ ಸಾಲಗಾರ ಒಂದಿಷ್ಟು ತೀರಿಸಿದ್ದರೆ, ಆ ಪಾವತಿಯನ್ನು ಚೆಕ್ಕಿನ ಮೇಲೆ ಗುರುತಿಸದೆ ಪೂರ್ತಿ ಮೊತ್ತಕ್ಕೆ ಬ್ಯಾಂಕಿಗೆ ಹಾಕಿ ಬೌನ್ಸ್ ಮಾಡಿಸಿದರೆ 138ರ ಅಪರಾಧ ಆಗುವುದಿಲ್ಲ, ಯಾಕೆಂದರೆ ಆವತ್ತು ಅಷ್ಟು ಸಾಲವೇ ಇರಲಿಲ್ಲ. ಐದು ಲಕ್ಷದ ಚೆಕ್ಕಿಗೆ ಎರಡು ಲಕ್ಷ ಕಟ್ಟಿದವರಿಗೆ ಇದಕ್ಕಿಂತ ಒಳ್ಳೆಯ ಆಸರೆ ಬೇರೊಂದಿಲ್ಲ. ಆದರೆ ಎರಡು ಲಕ್ಷ ಕಟ್ಟಿದ್ದನ್ನು ತೋರಿಸಬೇಕಲ್ಲ? ಫೋನ್‌ಪೇ ಮಾಡಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತದೆ. ನಗದು ಕೊಟ್ಟಿದ್ದರೆ ಚೀಟಿ ಬೇಕು. ಅಡತಿಯವರು ಪಟ್ಟಿಯಲ್ಲಿ ಮುರಿದುಕೊಂಡಿದ್ದರೆ ಆ ಪಟ್ಟಿ ಬೇಕು. ಮನೆಯಲ್ಲಿ ದೇವರ ಫೋಟೊ ಹಿಂದೆಯೋ, ಟ್ರಂಕಿನ ತಳದಲ್ಲೋ ಇಟ್ಟಿರುವ ಆ ಚೀಟಿಗಳನ್ನು ಬಿಸಾಡಬೇಡಿ.

81ನೇ ಕಲಮು ಇನ್ನೊಂದು ಹಕ್ಕು ಕೊಡುತ್ತದೆ. ಹಣ ಕೊಡುವ ಮುಂಚೆ ಕಾಗದ ತೋರಿಸು ಎನ್ನುವ ಹಕ್ಕು, ಕೊಟ್ಟ ಮೇಲೆ ಕಾಗದ ವಾಪಸು ಕೊಡು ಎನ್ನುವ ಹಕ್ಕು. ಎಷ್ಟು ಜನ ಕೇಳುತ್ತೀರಿ? 'ಮನ್ಯಾಗ ಅದ, ನಾಳಿ ಕೊಡ್ತೀನಿ' ಎಂದರೆ ನಂಬಿ ಬರುತ್ತೀರಿ. ಸಾಲ ತೀರಿದ ಮೇಲೂ ಉಳಿದ ಚೆಕ್ಕೇ ಮುಂದೆ ಅಪರಿಚಿತನ ಹೆಸರು ತುಂಬಿಕೊಂಡು ಬರುವ ಚೆಕ್ಕು. ಕಾಗದ ಈಗ ಯಾರ ಹತ್ತಿರ ಇದೆ ಎಂದು ತಿಳಿಯದೆ ಹಣ ಕೊಡುವುದೂ ಅಪಾಯ. 78ನೇ ಕಲಮಿನ ಪ್ರಕಾರ ಹೋಲ್ಡರ್‌ಗೆ ಕೊಟ್ಟರೆ ಮಾತ್ರ ಪ್ರೋನೋಟಿನಿಂದ ಬಿಡುಗಡೆ. ಸಾವಕಾರ ಪ್ರೋನೋಟನ್ನು ಹಿಂಬರಹ ಮಾಡಿ ಇನ್ನೊಬ್ಬರಿಗೆ ದಾಟಿಸಿದ್ದರೆ, ಹಳೆಯ ಸಾವಕಾರನ ಮಗನ ಕೈಗೆ ನೀವು ಕೊಟ್ಟ ಹಣ ಲೆಕ್ಕಕ್ಕೆ ಬಾರದೆ ಹೋಗಬಹುದು.

ಸಾವಕಾರನೇ ತೀರಿಕೊಂಡರೆ? ಅವನ ಪ್ರೋನೋಟು ಅವನ ವಾರಸುದಾರರಿಗೆ ಹೋಗುತ್ತದೆ. ಆದರೆ 'ನಾನು ದೊಡ್ಡ ಮಗ' ಎಂದು ಹೇಳಿದವರಿಗೆಲ್ಲ ಕೋರ್ಟು ಡಿಕ್ರಿ ಕೊಡುವುದಿಲ್ಲ, ಸಾಮಾನ್ಯವಾಗಿ ಸಕ್ಸೆಷನ್ ಸರ್ಟಿಫಿಕೇಟ್ ಬೇಕು. ಅಣ್ಣತಮ್ಮಂದಿರು ಇಬ್ಬರೂ ಬಂದು ಇಬ್ಬರೂ ಕೇಳಿದರೆ ಇದನ್ನೇ ಹೇಳಿ.

ಇನ್ನು ಅಕ್ಕ-ತಂಗಿಯರಿಗೆ ಒಂದು ಮಾತು. ಗಂಡ ಸತ್ತ ಹದಿಮೂರನೆಯ ದಿನಕ್ಕೇ ಅವನ ಚೆಕ್ ಹಿಡಿದು ಬಾಗಿಲಿಗೆ ಬರುವವರಿದ್ದಾರೆ. ಚೆಕ್ ಕೊಟ್ಟವನು ತೀರಿಕೊಂಡರೆ ಅವನ ಮೇಲಿನ ಕ್ರಿಮಿನಲ್ ಕೇಸು 138ರಡಿ ಹೆಂಡತಿ ಮಕ್ಕಳ ಮೇಲೆ ತಿರುಗುವುದಿಲ್ಲ. ಅವರ ಮೇಲೆ ಸಿವಿಲ್ ದಾವೆ ಹೂಡಬಹುದು, ಅದೂ ಸತ್ತವನಿಂದ ಬಂದ ಆಸ್ತಿಯ ಮಟ್ಟಿಗೆ. ಗಂಡ ಬದುಕಿದ್ದಾಗಲೂ ಅಷ್ಟೇ. ಖಾತೆ ಇಬ್ಬರ ಹೆಸರಿನಲ್ಲಿದ್ದು ಚೆಕ್ಕಿಗೆ ಗಂಡ ಒಬ್ಬನೇ ಸಹಿ ಹಾಕಿದ್ದರೆ, ಸಹಿ ಹಾಕದ ಹೆಂಡತಿಯನ್ನು ಆರೋಪಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಸ್ವಸಹಾಯ ಸಂಘ ನಡೆಸಿ ಲೆಕ್ಕ ಬರೆದು ಅಭ್ಯಾಸವಿರುವವರು ನೀವು, ಬೀದರ್ ಜಿಲ್ಲೆಯ ಸಂಘಗಳ ಹೆಸರು ಹೊರಗೂ ಕೇಳಿಬಂದದ್ದೇ ಆ ಶಿಸ್ತಿನಿಂದ. ಸಂಘದ ಪುಸ್ತಕದಲ್ಲಿ ಪ್ರತಿ ಕಂತಿಗೂ ಸಹಿ ಕೇಳುವವರು ಮನೆಯ ಸಾಲದಲ್ಲೂ ಕೇಳಿ.

ಗಡಿಯಲ್ಲಿರುವ ನಮಗೆ ಇನ್ನೊಂದು ತಾಪತ್ರಯ. ಕೇಸು ಯಾವ ಊರಿನ ಕೋರ್ಟಿನಲ್ಲಿ? 2014ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚೆಕ್ ಕೊಟ್ಟವನ ಬ್ಯಾಂಕಿನ ಊರಿನಲ್ಲಿ ಎಂದಿತ್ತು. ಸಂಸತ್ತು 2015ರಲ್ಲಿ ಕಾಯ್ದೆ ತಿದ್ದಿ ಅದನ್ನು ತಿರುಗಿಸಿತು. ಈಗ ಖಾತೆಯ ಮೂಲಕ ಜಮೆಗೆ ಹಾಕಿದ ಚೆಕ್ಕಾದರೆ ಹಣ ಪಡೆಯುವವನ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿಯ ಕೋರ್ಟು. ಬಸವಕಲ್ಯಾಣದ ಲಾರಿಯವರು ಸೊಲ್ಲಾಪುರದ ಅಥವಾ ಹೈದರಾಬಾದಿನ ಫೈನಾನ್ಸಿಗೆ ಚೆಕ್ ಕೊಟ್ಟರೆ, ಗಡಿಯ ಹಳ್ಳಿಯವರು ಉಮರ್ಗಾ, ಜಹೀರಾಬಾದಿನ ಅಂಗಡಿಗೆ ಕೊಟ್ಟರೆ, ತಾರೀಖಿಗೆ ಅಲ್ಲಿಗೇ ಅಲೆಯಬೇಕು. ಭಾಷೆ ಬೇರೆ, ವಕೀಲರು ಬೇರೆ, ಬಸ್ ಚಾರ್ಜು ಬೇರೆ. ಸಂಸತ್ತು ಸಾಲ ಕೊಟ್ಟವರ ಅನುಕೂಲ ನೋಡಿತು, ತೆಗೆದುಕೊಂಡವರದು ನೋಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಕಾಯ್ದೆ ಇರುವುದು ಹಾಗೆ. ಚೆಕ್ ಹರಿಯುವ ಮುಂಚೆ ಅವರ ಖಾತೆ ಎಲ್ಲಿದೆ ಎಂದು ಕೇಳಿಕೊಳ್ಳಿ.

ಬಡ್ಡಿ ವ್ಯವಹಾರದವರ ಮಾತನ್ನೂ ಮುಗಿಸಿಬಿಡುತ್ತೇನೆ. ಕರ್ನಾಟಕದ 1961ರ ಲೇವಾದೇವಿದಾರರ ಕಾಯ್ದೆಯಂತೆ ಸಾಲ ಕೊಡುವ ದಂಧೆ ಮಾಡುವವರಿಗೆ ಲೈಸೆನ್ಸ್ ಬೇಕು. ಇಲ್ಲದವರು ವಸೂಲಿಗೆ ಹೂಡಿದ ದಾವೆಯನ್ನು ಕೋರ್ಟು ವಜಾ ಮಾಡಬೇಕು. ಕಿರುಸಾಲದ ಕಿರುಕುಳ ತಡೆಯಲು 2025ರ ಫೆಬ್ರುವರಿ 12ರಂದು ಬಂದ ಸುಗ್ರೀವಾಜ್ಞೆ ಅದೇ ವರ್ಷ ಕಾಯ್ದೆಯಾಯಿತು. ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆ ಎಂದೂ, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಎಂದೂ ಅದು ಹೇಳುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು, ಫೈನಾನ್ಸುಗಳಿಗೆ ಇದು ತಾಗುವುದಿಲ್ಲ. ನೆಂಟನೊಬ್ಬ ಒಮ್ಮೆ ಕೊಟ್ಟ ಕೈಗಡವನ್ನೂ ಇದರೊಳಗೆ ಎಳೆಯಲು ಹೋಗಬೇಡಿ. ಲೇವಾದೇವಿದಾರರ ಕಾಯ್ದೆ ಅನ್ವಯವಾಗಲು ಅದು ದಂಧೆಯಾಗಿರಬೇಕು, ಅದರೊಳಗೂ ವಿನಾಯಿತಿಗಳಿವೆ.

ನೋಟಿಸ್ ಬಂದರೆ ಏನು ಮಾಡಬೇಕು ಎಂಬುದನ್ನು ಹೇಳದೆ ಪತ್ರ ಮುಗಿಸುವಂತಿಲ್ಲ. ಮೊದಲು, ಪೋಸ್ಟಮನ್ನಿಗೆ 'ಇಲ್ಲ ಅನ್ನು' ಎಂದು ಮಕ್ಕಳ ಕೈಲಿ ಹೇಳಿಸಬೇಡಿ. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸನ್ನು ಬೇಡವೆಂದರೂ ತಲುಪಿದಂತೆಯೇ ಎಂದು 2007ರಲ್ಲೇ ತೀರ್ಮಾನವಾಗಿದೆ. ಆಮೇಲೆ ತಾರೀಖುಗಳನ್ನು ನೋಡಿ. ಚೆಕ್ಕಿನ ಮೇಲಿನ ದಿನದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು, 2012ರ ಏಪ್ರಿಲ್ 1ರಿಂದ ಇದು ಆರರಿಂದ ಮೂರಕ್ಕೆ ಇಳಿದಿದೆ. ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಟ್ಟಿರಬೇಕು. ನಿಮಗೆ ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ಅವರು ದೂರು ಕೊಡಬೇಕು, ತಡವಾದರೆ ಕೋರ್ಟಿಗೆ ತಕ್ಕ ಕಾರಣ ತೋರಿಸಬೇಕು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. 2018ರ ತಿದ್ದುಪಡಿಯ ನಂತರ ಕೇಸು ನಡೆಯುವಾಗಲೇ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕಟ್ಟಿಸುವ ಅಧಿಕಾರವೂ ಕೋರ್ಟಿಗಿದೆ.

ಆ 15 ದಿನ ನಿಮ್ಮವು. ಹಣ ಕೊಡುವುದು ನ್ಯಾಯವಾಗಿದ್ದರೆ ಕೊಡಿ, ಚೆಕ್ ವಾಪಸು ಪಡೆಯಿರಿ. ನ್ಯಾಯವಲ್ಲದಿದ್ದರೆ ಬರವಣಿಗೆಯಲ್ಲಿ ಉತ್ತರ ಕೊಡಿ: ಚೆಕ್ ಯಾರಿಗೆ ಕೊಟ್ಟದ್ದು, ಯಾವ ವರ್ಷ, ಯಾವ ವ್ಯವಹಾರಕ್ಕೆ, ಎಷ್ಟು ತೀರಿಸಿದ್ದೀರಿ, ನೋಟಿಸ್ ಕೊಟ್ಟವರ ಪರಿಚಯ ನಿಮಗಿದೆಯೋ ಇಲ್ಲವೋ. ನಾಲ್ಕು ಸಾಲಾದರೂ ಸಾಕು, ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ, ರಸೀದಿ ನಿಮ್ಮ ಹತ್ತಿರ ಇರಲಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಹುಮನಾಬಾದ್, ಬಸವಕಲ್ಯಾಣ ಎರಡೂ ಕಡೆ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಉಳಿದವರಲ್ಲಿ ಹಲವರಿಗೆ ಆದಾಯದ ಮಿತಿ ಇದೆ. ಹೋಗುವಾಗ ನೋಟಿಸು, ಅದು ಬಂದ ಲಕೋಟೆ, ಚೆಕ್‌ಬುಕ್ಕಿನ ಉಳಿದ ಹಾಳೆಗಳು, ಮನೆಯಲ್ಲಿರುವ ಎಲ್ಲ ಚೀಟಿಗಳು ಕೈಯಲ್ಲಿರಲಿ. ಲಕೋಟೆಯ ಮೇಲಿನ ಅಂಚೆ ಮುದ್ರೆಯ ತಾರೀಖಿನಿಂದಲೇ ನಾವು ಲೆಕ್ಕ ಶುರು ಮಾಡುವುದು.

ಇಂತಿ ನಿಮ್ಮವ,
ಹುಮನಾಬಾದಿನ ಒಬ್ಬ ವಕೀಲ